ಮನುಷ್ಯರ ವ್ಯಾಪಾರವೂ ರಾಜ್ಯಗಳ ಒಡಂಬಡಿಕೆಯೂ

ಬೆಂಗಳೂರಿನ ಉತ್ತರ ಭಾಗದಲ್ಲಿ ಮನೆಮಾಡಿಕೊಂಡಿರುವವರಿಗೆ ಊರಿನಿಂದ ಹೊರಕ್ಕೆ ಹೋಗುವ ಎರಡು ಬಾಗಿಲುಗಳು ಚೆನ್ನಾಗಿ ಪರಿಚಿತವಾಗಿವೆ. ಒಂದು, ಯಶವಂತಪುರದ ರೈಲು ನಿಲ್ದಾಣ. ಇನ್ನೊಂದು, ಹೆಬ್ಬಾಳವನ್ನು ದಾಟಿ, ಯಲಹಂಕದ ಮಗ್ಗುಲಾಗಿ ದೇವನಹಳ್ಳಿಯ ವಿಮಾನ ನಿಲ್ದಾಣವನ್ನು ಮುಟ್ಟುವ ಬಳ್ಳಾರಿ ರಸ್ತೆ. ೨೦೦೮ನೆಯ ಇಸವಿ ಮೇ ತಿಂಗಳಲ್ಲಿ ಆ ನಿಲ್ದಾಣವು ತೆರೆದಂದಿನಿಂದ ಈ ರಸ್ತೆಗೆ ಹಗಲಿರುಳೆಂಬ ಭೇದವೇ ಇಲ್ಲ. ನಡುರಾತ್ರಿಯಲ್ಲಿಯೂ ಪೆಟ್ಟಿಗೆಗಳನ್ನು ಹೇರಿಕೊಂಡ ಬಾಡಿಗೆಯ ಕಾರುಗಳು ಸಾಲಾಗಿ ಹೋಗುತ್ತಿರುತ್ತವೆ. ಅವುಗಳಲ್ಲಿ ಓದಲು ಹೊರಟ ಹುಡುಗರಿದ್ದಾರೆ, ಮೊಮ್ಮಗುವನ್ನು ನೋಡಲು ಅಮೆರಿಕೆಗೆ ಹೊರಟ ಅಜ್ಜಿಯರಿದ್ದಾರೆ, ಯಾತ್ರಿಕರಿದ್ದಾರೆ. ಇವರ ನಡುವೆ ಕೆಲವು ವೇಳೆ, ತಾನು ಯಾವ ಊರಿನಲ್ಲಿ ಇಳಿಯತಕ್ಕವನೆಂಬುದನ್ನು ಸಹ ಸರಿಯಾಗಿ ಅರಿಯದೆ, ತನ್ನ ಹೆಸರಿನ ಪಾಸ್‌ಪೋರ್ಟನ್ನು ಮತ್ತೊಬ್ಬರ ವಶಕ್ಕೆ ಕೊಟ್ಟು ಕುಳಿತಿರುವ ತರುಣನೋ, ಹೆಂಗಸೋ ಇರುವುದುಂಟು. ನೋಡುವವರ ಕಣ್ಣಿಗೆ ಅವರೂ ಪ್ರಯಾಣಿಕರೇ. ಅವರ ಕೈಯಲ್ಲಿಯೂ ಚೀಟಿ ಇದೆ, ಮುಖದಲ್ಲಿಯೂ ಆಸೆ ಇದೆ.

ದಾಸರ ವ್ಯಾಪಾರವೆಂದೊಡನೆ ನಮ್ಮ ಮನಸ್ಸಿಗೆ ಸಂಕೋಲೆ, ಹಡಗು, ಹರಾಜಿನ ಕಟ್ಟೆ ಇವೇ ಬರುತ್ತವೆ. ಈಗಿನ ಮನುಷ್ಯವ್ಯಾಪಾರಕ್ಕೆ ಇವು ಯಾವುವೂ ಬೇಕಿಲ್ಲ. ಮುಂಗಡವಾಗಿ ಕೊಟ್ಟ ಸಾಲ, ಕಸಿದುಕೊಂಡ ಕಾಗದಪತ್ರ, ಗೊತ್ತಿಲ್ಲದ ಭಾಷೆ, ಊರಿಗೆ ಹಿಂದಿರುಗಿದರೆ ಆಗುವ ನಾಚಿಕೆ, ಇವು ನಾಲ್ಕು ಸಂಕೋಲೆಗಳಿಗಿಂತ ಬಿಗಿಯಾಗಿ ಕಟ್ಟುತ್ತವೆ. ಆದಕಾರಣ ಈ ಪಾತಕವನ್ನು ಗುರುತಿಸುವುದೇ ಕಷ್ಟ. ೨೦೦೦ದ ಡಿಸೆಂಬರ್ ತಿಂಗಳಲ್ಲಿ ಇಟಲಿಯ ಪಾಲೆರ್ಮೋ ನಗರದಲ್ಲಿ ಸಹಿಗೆ ಇಟ್ಟ ಸಂಯುಕ್ತ ರಾಷ್ಟ್ರಗಳ ಒಪ್ಪಂದದಲ್ಲಿ ಅದಕ್ಕೆ ಒಂದು ಲಕ್ಷಣವನ್ನು ಹೇಳಿದ್ದಾರೆ. ಒಬ್ಬರನ್ನು ಗೊತ್ತುಮಾಡಿಕೊಂಡು ಸಾಗಿಸುವುದು ಅಥವಾ ಇರಿಸಿಕೊಳ್ಳುವುದು. ಅದಕ್ಕಾಗಿ ಬಲಾತ್ಕಾರ, ಮೋಸ, ಅಥವಾ ಅವರ ಅಸಹಾಯಕತೆಯನ್ನು ಉಪಯೋಗಿಸುವುದು. ಅವರಿಂದ ದುರ್ಲಾಭ ಪಡೆಯುವ ಉದ್ದೇಶವಿರುವುದು. ಈ ಮೂರೂ ಕೂಡಿದರೆ ಅದು ಮನುಷ್ಯವ್ಯಾಪಾರ. ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದೂ, ಹದಿನೆಂಟು ವರ್ಷ ತುಂಬದ ಮಕ್ಕಳ ವಿಷಯದಲ್ಲಿ ಮೋಸವನ್ನು ಸ್ಥಾಪಿಸಬೇಕಾದ ಅಗತ್ಯವೇ ಇಲ್ಲವೆಂದೂ ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ದೇಶವು ಈ ಒಪ್ಪಂದಕ್ಕೆ ೨೦೦೨ರಲ್ಲಿ ಸಹಿಮಾಡಿ, ೨೦೧೧ರ ಮೇ ತಿಂಗಳಲ್ಲಿ ಅದನ್ನು ಸ್ಥಿರೀಕರಿಸಿತು. ನಡುವೆ ಸಂದ ಎಂಟು ಒಂಬತ್ತು ವರ್ಷಗಳ ವಿಳಂಬವನ್ನು ಕುರಿತು ಏನು ಹೇಳಲಿ? ಸರ್ಕಾರಗಳ ಗಡಿಯಾರವೇ ಬೇರೆ.

ಹಲವು ರಾಜ್ಯಗಳು ಕೂಡಿ ಈ ಪಾತಕವನ್ನು ತಡೆಯಬೇಕೆಂಬ ಯೋಚನೆ ಹೊಸದಲ್ಲ. ೧೮೯೯ನೆಯ ಇಸವಿಯಲ್ಲಿ ವಿಲಿಯಂ ಕೂಟ್ ಎಂಬ ಆಂಗ್ಲೇಯರು ಯೂರೋಪಿನ ಹಲವು ರಾಜಧಾನಿಗಳಿಗೆ ಅಲೆದು, ಅಲ್ಲಲ್ಲಿಯ ಸಜ್ಜನರನ್ನು ಕಂಡು, ಲಂಡನ್ನಿನಲ್ಲಿ ಒಂದು ಮಹಾಸಭೆಯನ್ನು ಸೇರಿಸಿದರು. ಅದರ ಫಲವಾಗಿ ೧೯೦೪ರಲ್ಲಿ ಪ್ಯಾರಿಸ್ ನಗರದಲ್ಲಿ ಮೊದಲನೆಯ ಒಡಂಬಡಿಕೆಯಾಯಿತು. ಅದನ್ನು ಈಗ ಓದಿದರೂ ಅದರ ವ್ಯವಹಾರಜ್ಞಾನಕ್ಕೆ ಮೆಚ್ಚಬೇಕು. ದೊಡ್ಡ ಮಾತುಗಳು ಅದರಲ್ಲಿಲ್ಲ. ಪ್ರತಿಯೊಂದು ಸರ್ಕಾರವೂ ಈ ವಿಷಯದ ಸಮಾಚಾರವನ್ನೆಲ್ಲ ಕೂಡಿಹಾಕಲು ಒಬ್ಬ ಅಧಿಕಾರಿಯನ್ನು ಗೊತ್ತುಮಾಡತಕ್ಕದ್ದು, ಆ ಅಧಿಕಾರಿಯು ಹೊರದೇಶದ ತನ್ನ ಸಮಾನಾಧಿಕಾರಿಗೆ ನೇರವಾಗಿ ಪತ್ರ ಬರೆಯಬಹುದು. ರೈಲು ನಿಲ್ದಾಣಗಳಲ್ಲಿಯೂ ಬಂದರುಗಳಲ್ಲಿಯೂ ಕಾವಲಿರತಕ್ಕದ್ದು. ಸಿಕ್ಕಿದ ಹೆಂಗಸರನ್ನು ಕ್ಷೇಮವಾಗಿ ಅವರವರ ದೇಶಕ್ಕೆ ಕಳುಹಿಸತಕ್ಕದ್ದು. ಅದಾಗಿ ನೂರಿಪ್ಪತ್ತು ವರ್ಷಗಳು ಕಳೆದಿವೆ. ಇಂದು ಯಾವ ಎರಡು ದೇಶಗಳು ಈ ವಿಷಯದಲ್ಲಿ ಒಪ್ಪಂದಮಾಡಿಕೊಂಡರೂ ಅದರ ಸಾರ ಇಷ್ಟೇ ಆಗಿರುತ್ತದೆ.

ಆದರೆ ಆ ಒಡಂಬಡಿಕೆಗೆ ಅವರು ಇಟ್ಟ ಹೆಸರು ‘ಬಿಳಿಯ ದಾಸಿಯರ ವ್ಯಾಪಾರ’ ಎಂಬುದು. ಬಿಳಿಯರಲ್ಲದ ಹೆಂಗಸರ ಗತಿಯೇನೆಂದು ಕೇಳುವವರು ಆಗ ಕಡಮೆ. ೧೯೨೧ರಲ್ಲಿ ಜಿನೀವಾದಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಹೊಸ ಒಡಂಬಡಿಕೆಯಾದಾಗ ಬಣ್ಣದ ಮಾತನ್ನು ಬಿಟ್ಟು, ‘ಹೆಂಗಸರ ಮತ್ತು ಮಕ್ಕಳ ವ್ಯಾಪಾರ’ವೆಂದು ತಿದ್ದಿದರು. ಇಪ್ಪತ್ತೊಂದು ವರ್ಷದೊಳಗಿನ ಹೆಣ್ಣುಮಕ್ಕಳ ವಿಷಯದಲ್ಲಿ ಅವರ ಒಪ್ಪಿಗೆಯಿತ್ತೆಂಬ ನೆವವು ನಡೆಯಕೂಡದೆಂದೂ ವಿಧಿಸಿದರು. ಭಾರತದ ಪರವಾಗಿ ಸಹಿಮಾಡಿದ ಆಗಿನ ಸರ್ಕಾರದವರು ಮಾತ್ರ, ಇಪ್ಪತ್ತೊಂದು ಎಂಬಲ್ಲಿ ಹದಿನಾರು ಎಂದು ಇಟ್ಟುಕೊಳ್ಳುವ ಹಕ್ಕನ್ನು ಕಾದಿರಿಸಿಕೊಂಡರು. ಎಂದರೆ, ಒಪ್ಪಂದದ ಲೆಕ್ಕದಲ್ಲಿ, ಹದಿನೇಳು ವರ್ಷದ ಹುಡುಗಿಯೊಬ್ಬಳು ಮಾರ್ಸೇಲ್ಸ್ ಬಂದರಿನಲ್ಲಿ ಮಗು, ಮುಂಬಯಿಯ ಬಂದರಿನಲ್ಲಿ ಪ್ರೌಢೆ! ಇಂಥ ಐದು ವರ್ಷದ ಸಂದುಗಳಲ್ಲಿಯೇ ದಲ್ಲಾಳಿಗಳು ಬಾಳುವುದು.

ಎರಡು ಆಡಳಿತಗಳ ನಡುವಣ ಸಂದು ಎಂಥದೆಂಬುದನ್ನು ತಿಳಿಯಲು ನಾವು ಜಿನೀವಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರೇ ೧೯೪೭ರ ಜುಲೈವರೆಗೆ ಎರಡು ಊರಾಗಿತ್ತು. ಪೇಟೆಯು ಮೈಸೂರು ಮಹಾರಾಜರದು. ದಂಡು ಬ್ರಿಟಿಷ್ ರೆಸಿಡೆಂಟರ ಆಳ್ವಿಕೆಗೆ ಸೇರಿದ್ದು. ಮೈಸೂರು ಸಂಸ್ಥಾನದಲ್ಲಿ ೧೯೩೬ರಲ್ಲಿ ಅನೀತಿಯ ವ್ಯಾಪಾರವನ್ನು ನಿಗ್ರಹಿಸುವ ಶಾಸನವಾಯಿತು. ಮದರಾಸಿನಲ್ಲಿ ಅದಕ್ಕೆ ಮೊದಲೇ, ೧೯೩೦ರಲ್ಲಿ, ಆಗಿತ್ತು. ಆದರೆ ಸಂಸ್ಥಾನದ ಶಾಸನವು ತಾನಾಗಿಯೇ ದಂಡಿನಲ್ಲಿ ನಡೆಯುತ್ತಿರಲಿಲ್ಲ. ಕುದುರೆಗಾಡಿಗೆ ಕೆಲವು ಕಾಸು ಕೊಟ್ಟು ಪೇಟೆಯಿಂದ ದಂಡಿಗೆ ಹೋದರೆ ಕಾಯಿದೆಯೂ ಬೇರೆ, ಠಾಣೆಯೂ ಬೇರೆ. ಅಂದು ಕುದುರೆಗಾಡಿ ಮಾಡಿದ ಕೆಲಸವನ್ನು ಇಂದು ವಿಮಾನವು ಮಾಡುತ್ತಿದೆ.

ಸ್ವಾತಂತ್ರ್ಯ ಬಂದ ಬಳಿಕ ಆದ ಕಾರ್ಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ನಮ್ಮ ರಾಜ್ಯಾಂಗದ ೨೩ನೆಯ ವಿಧಿಯು ಮನುಷ್ಯರ ವ್ಯಾಪಾರವನ್ನೂ ಬಿಟ್ಟಿಯನ್ನೂ ನಿಷೇಧಿಸಿತು. ೧೯೪೯ರಲ್ಲಿ ಸಂಯುಕ್ತ ರಾಷ್ಟ್ರಗಳು ಒಪ್ಪಿದ ಒಡಂಬಡಿಕೆಗೆ ಭಾರತವು ೧೯೫೦ರ ಮೇ ೯ರಂದು ನ್ಯೂಯಾರ್ಕಿನಲ್ಲಿ ಸಹಿಹಾಕಿತು. ಅದನ್ನು ನಡೆಸಿಕೊಡುವುದಕ್ಕಾಗಿಯೇ ೧೯೫೬ರ ಶಾಸನವು ಹುಟ್ಟಿತು. ಜೀತವನ್ನು ತೊಡೆದುಹಾಕುವ ಕಾಯಿದೆ ೧೯೭೬ರದು. ದಂಡಸಂಹಿತೆಯಲ್ಲಿ ಮನುಷ್ಯವ್ಯಾಪಾರವೆಂಬ ಅಪರಾಧಕ್ಕೆ ಪೂರ್ಣವಾದ ಲಕ್ಷಣವನ್ನು ಬರೆದದ್ದು ಮಾತ್ರ ೨೦೧೩ರಲ್ಲಿ. ೨೦೨೪ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು ೧೪೩ನೆಯ ವಿಧಿ. ಕಾಯಿದೆಗೆ ಕೊರತೆಯಿಲ್ಲ.

ಕಾಯಿದೆಯಿದ್ದೂ ಜನರು ಹೇಗೆ ಸಿಕ್ಕಿಬೀಳುತ್ತಾರೆಂಬುದಕ್ಕೆ ನಮ್ಮ ನಾಡಿನದೇ ಒಂದು ದೃಷ್ಟಾಂತವನ್ನು ಹೇಳುವೆನು. ಉಡುಪಿಯ ಸೀಮೆಯ ಒಬ್ಬ ಬಡ ವಿಧವೆ, ಸಾಕಬೇಕಾದ ಮಕ್ಕಳಿದ್ದರು. ೨೦೧೬ರಲ್ಲಿ ದಲ್ಲಾಳಿಗಳು ಆಕೆಗೆ ಕತಾರ್ ದೇಶದಲ್ಲಿ ಮನೆಗೆಲಸ, ಕೈತುಂಬ ಸಂಬಳ ಎಂದು ಆಸೆ ತೋರಿಸಿ ಹೊರಡಿಸಿದರು. ಆಕೆ ಹೋಗಿ ಸೇರಿದ್ದು ಕತಾರ್ ಅಲ್ಲ, ಸೌದಿ ಅರೇಬಿಯದ ಯಾನ್ಬು ಎಂಬ ಊರು. ಅಲ್ಲಿ ಒಬ್ಬ ಧನಿಕನ ಮನೆಯಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ದುಡಿತ. ಬಿಡಿಸಿಕೊಂಡು ಹೋಗಬೇಕಾದರೆ ತಾನು ದಲ್ಲಾಳಿಗೆ ಕೊಟ್ಟ ಹಣವನ್ನು ಹಿಂದಕ್ಕೆ ಕೊಡಿರೆಂದು ಯಜಮಾನನ ಹಟ. ಅರಬ್ಬೀ ದೇಶಗಳಲ್ಲಿ ‘ಕಫಾಲಾ’ ಎಂಬ ಪದ್ಧತಿಯಿದೆ. ಅದರಂತೆ ಹೊರಗಿನಿಂದ ಬಂದ ಆಳು ಒಬ್ಬ ಯಜಮಾನನ ಹೊಣೆಯಲ್ಲಿರತಕ್ಕವನು. ಆಗಿನ ನಿಯಮದಲ್ಲಿ ಅವನ ಅನುಮತಿಯಿಲ್ಲದೆ ಆಳು ಬೇರೆ ಕೆಲಸಕ್ಕೆ ಸೇರುವಂತಿಲ್ಲ, ದೇಶವನ್ನು ಬಿಡುವಂತೆಯೂ ಇಲ್ಲ. ಹೀಗಾಗಿ ಆ ಹೆಂಗಸಿಗೆ ಬಾಗಿಲಿಗೆ ಬೀಗ ಹಾಕಬೇಕಾದ ಅಗತ್ಯವೇ ಇರಲಿಲ್ಲ. ಇಡೀ ದೇಶವೇ ಬೀಗವಾಗಿತ್ತು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾಕ್ಟರ್ ರವೀಂದ್ರನಾಥ ಶಾನುಭಾಗರು ಆಕೆಯ ವಿಷಯವನ್ನು ಕೈಗೆತ್ತಿಕೊಂಡು, ದೆಹಲಿಗೂ ಅಲ್ಲಿಯ ಭಾರತದ ದೂತಾವಾಸಕ್ಕೂ ಬರೆದು, ಪತ್ರಿಕೆಗಳಲ್ಲಿ ಸುದ್ದಿಮಾಡಿ, ವರ್ಷಕ್ಕೂ ಮೀರಿ ಬೆನ್ನುಹತ್ತಿದ ಮೇಲೆ, ೨೦೧೭ರ ಸೆಪ್ಟೆಂಬರಿನಲ್ಲಿ ಆಕೆ ಊರು ಕಂಡಳು. ಬೆನ್ನು ಹತ್ತುವವರು ಯಾರೂ ಇಲ್ಲದವರ ಕಥೆಯನ್ನು ನಮಗೆ ಹೇಳುವವರೂ ಇಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಮ್ಮ ೧೯೮೩ರ ವಲಸೆ ಕಾಯಿದೆಯ ಪ್ರಕಾರ, ಹೆಚ್ಚು ಓದಿಲ್ಲದವರು ಕೊಲ್ಲಿಯ ದೇಶಗಳೇ ಮೊದಲಾದ ಕೆಲವು ಕಡೆಗೆ ದುಡಿಮೆಗೆ ಹೋಗಬೇಕಾದರೆ ಸರ್ಕಾರದ ವಲಸಿಗರ ಸಂರಕ್ಷಕರ ಅನುಮತಿ ಬೇಕು. ಹೆಂಗಸರಿಗಾದರೆ ಮೂವತ್ತು ವರ್ಷ ತುಂಬಿರಬೇಕು, ಸರ್ಕಾರವು ಗೊತ್ತುಮಾಡಿದ ಸಂಸ್ಥೆಯ ಮೂಲಕವೇ ಹೋಗಬೇಕು. ಒಳ್ಳೆಯ ಉದ್ದೇಶದಿಂದ ಮಾಡಿದ ನಿಯಮವೇ. ದಲ್ಲಾಳಿಯು ಏನು ಮಾಡುತ್ತಾನೆ? ದುಡಿಮೆಯ ವೀಸಾದ ತಂಟೆಯೇ ಬೇಡವೆಂದು ಪ್ರವಾಸದ ವೀಸಾದಲ್ಲಿ ಕಳುಹಿಸುತ್ತಾನೆ. ಕಾಗದದಲ್ಲಿ ಆಕೆ ದುಬಾಯಿಯನ್ನು ನೋಡಲು ಹೊರಟ ಪ್ರವಾಸಿ! ವಿಮಾನದಿಂದ ಇಳಿದ ಬಳಿಕ ಆಕೆಯನ್ನು ಎಲ್ಲಿಗೆ ಸಾಗಿಸಿದರೆಂಬುದಕ್ಕೆ ನಮ್ಮ ಸರ್ಕಾರದ ದಫ್ತರದಲ್ಲಿ ಒಂದು ಗೆರೆಯ ದಾಖಲೆಯೂ ಇರುವುದಿಲ್ಲ. ನೇಪಾಳದವರ ಅನುಭವವೂ ಇದೇ. ಅಲ್ಲಿಯ ಸರ್ಕಾರವು ತನ್ನ ಹೆಣ್ಣುಮಕ್ಕಳು ಕೊಲ್ಲಿಯ ದೇಶಗಳಿಗೆ ಮನೆಗೆಲಸಕ್ಕೆ ಹೋಗುವುದನ್ನು ಹಲವು ಸಾರಿ ತಡೆಯಿತು. ಭಾರತಕ್ಕೂ ನೇಪಾಳಕ್ಕೂ ನಡುವೆ ಗಡಿಯು ತೆರೆದಿರುವುದರಿಂದ ಅವರನ್ನು ನಮ್ಮ ದೇಶದ ವಿಮಾನ ನಿಲ್ದಾಣಗಳಿಂದ ಹತ್ತಿಸತೊಡಗಿದರು. ಮಂಗಳೂರಿನಲ್ಲಿ ೨೦೨೧ರ ಜೂನ್ ತಿಂಗಳಲ್ಲಿ ಪೋಲೀಸಿನವರಿಗೆ ಮೂವತ್ತೆಂಟು ಮಂದಿ ಸಿಂಹಳದ್ವೀಪದವರು ಸಿಕ್ಕಿದರು. ಅವರನ್ನು ಕೆನಡಾ ದೇಶಕ್ಕೆ ಸೇರಿಸುವೆವೆಂದು ನಂಬಿಸಿ, ಹಣ ಕಿತ್ತುಕೊಂಡು, ಕಡಲು ದಾಟಿಸಿ ತಮಿಳುನಾಡಿಗೂ ಅಲ್ಲಿಂದ ಕರ್ನಾಟಕಕ್ಕೂ ತಂದು ಕೂಡಿಹಾಕಿದ್ದರು. ಕೆನಡಾ ಎಲ್ಲಿ, ಮಂಗಳೂರಿನ ವಸತಿಗೃಹ ಎಲ್ಲಿ! ಒಂದು ರಾಜ್ಯವು ತನ್ನ ಬಾಗಿಲನ್ನು ತಾನೊಂದೇ ಮುಚ್ಚಿದರೆ ಹಾದಿಯು ನೆರೆಯವನ ಅಂಗಳದಲ್ಲಿ ಹಾದುಹೋಗುತ್ತದೆ. ಆದುದರಿಂದಲೇ ನೆರೆಯವರೊಡನೆ ಮಾತು ಬೇಕು.

ಈ ಬಲೆಗೆ ಬೀಳುವವರು ಅಕ್ಷರ ಬಾರದ ಬಡವರು ಮಾತ್ರವೆಂದು ಓದಿದ ಗೃಹಸ್ಥರು ಸಮಾಧಾನಪಟ್ಟುಕೊಳ್ಳುವುದಕ್ಕಿಲ್ಲ. ಕಲಬುರಗಿ ಜಿಲ್ಲೆಯ ಮೂವರು ತರುಣರು ೨೦೨೩ರ ಕೊನೆಯಲ್ಲಿ ರಷ್ಯ ದೇಶಕ್ಕೆ ಕಾವಲಿನ ಕೆಲಸವೆಂದು ನಂಬಿ ಹೋದರು. ಈ ಕೆಲಸಗಳ ಜಾಹೀರಾತು ಅಂತರ್ಜಾಲದ ಚಲಚ್ಚಿತ್ರಗಳಲ್ಲಿ ಬಂದಿತ್ತು. ಅಲ್ಲಿ ಅವರನ್ನು ಸೈನ್ಯಕ್ಕೆ ಸೇರಿಸಿ ಉಕ್ರೇನಿನ ಯುದ್ಧಕ್ಕೆ ನೂಕಿದರು. ಕೇಂದ್ರ ತನಿಖಾ ದಳದವರು ೨೦೨೪ರ ಮಾರ್ಚಿಯಲ್ಲಿ ಇದನ್ನು ಮನುಷ್ಯವ್ಯಾಪಾರದ ಮೊಕದ್ದಮೆಯಾಗಿಯೇ ದಾಖಲುಮಾಡಿದರು. ಜುಲೈಯಲ್ಲಿ ನಮ್ಮ ಪ್ರಧಾನಮಂತ್ರಿಗಳು ಮಾಸ್ಕೋದಲ್ಲಿ ಈ ಮಾತೆತ್ತಿದ ಮೇಲೆ, ಸೆಪ್ಟೆಂಬರಿನಲ್ಲಿ ಆ ಹುಡುಗರು ಮನೆಗೆ ಬಂದರು. ಅದೇ ಜಾಲಕ್ಕೆ ಸಿಕ್ಕಿದ ಸೂರತ್ತಿನ ಒಬ್ಬ ಹುಡುಗ ಯುದ್ಧದಲ್ಲಿಯೇ ಮಡಿದನು. ಇನ್ನು ಬರ್ಮಾ, ಕಾಂಬೋಡಿಯಾ, ಲಾವೋಸ್ ದೇಶಗಳ ವಿಷಯ. ಕಂಪ್ಯೂಟರು ಬಲ್ಲ, ಇಂಗ್ಲಿಷು ಬಲ್ಲ ಹುಡುಗರಿಗೆ ಥಾಯ್ಲೆಂಡಿನಲ್ಲಿ ಕೆಲಸವೆಂದು ಹೇಳಿ, ಗಡಿ ದಾಟಿಸಿ, ಗೋಡೆಗಳೊಳಗೆ ಕೂಡಿಹಾಕಿ, ಫೋನಿನ ಮೂಲಕ ಊರ ಜನರನ್ನು ವಂಚಿಸುವ ಕೆಲಸಕ್ಕೆ ಹಚ್ಚುತ್ತಾರೆ. ಇದನ್ನು ಕುರಿತು ನಮ್ಮ ವಿದೇಶಾಂಗ ಇಲಾಖೆಯವರು ೨೦೨೨ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಕೆ ಕೊಟ್ಟಿದ್ದರು. ೨೦೨೫ರ ಮಾರ್ಚಿ ೧೦ ಮತ್ತು ೧೧ನೆಯ ತಾರೀಖುಗಳಲ್ಲಿ ನಮ್ಮ ವಾಯುಸೇನೆಯ ವಿಮಾನಗಳು ಥಾಯ್ಲೆಂಡಿನ ಗಡಿಯ ಮೇ ಸೋಟ್ ಊರಿನಿಂದ ೫೪೯ ಮಂದಿಯನ್ನು ಕರೆತಂದವು. ಬರ್ಮಾದವರು ಬಿಡಬೇಕು, ಥಾಯ್ ಸರ್ಕಾರದವರು ಹಾದಿ ಕೊಡಬೇಕು, ನಮ್ಮವರು ವಿಮಾನ ಕಳುಹಿಸಬೇಕು. ಮೂವರಲ್ಲಿ ಒಬ್ಬರು ತಪ್ಪಿದರೂ ಆ ೫೪೯ ಮಂದಿ ಹೊಳೆಯ ಆಚೆಯ ದಡದಲ್ಲಿಯೇ ಉಳಿಯಬೇಕಾಗಿತ್ತು.

ಮನೆಯಿಂದ ಯಾರಾದರೂ ಹೊರದೇಶದ ದುಡಿಮೆಗೆ ಹೊರಡುವರೆಂದರೆ ಹಿರಿಯರು ವಿಚಾರಿಸತಕ್ಕ ಸಂಗತಿಗಳು ಬಹಳವೇನಿಲ್ಲ. ಕಳುಹಿಸುವವನಿಗೆ ಸರ್ಕಾರದ ಪರವಾನಗಿಯುಂಟೆ? ಆ ಪರವಾನಗಿಯ ನಂಬರನ್ನು ಭಾರತ ಸರ್ಕಾರದ ‘ಈ-ಮೈಗ್ರೇಟ್’ ಎಂಬ ಅಂತರ್ಜಾಲದ ದಫ್ತರದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ವೀಸಾ ದುಡಿಮೆಯದೋ ಪ್ರವಾಸದ್ದೋ? ಪ್ರವಾಸದ್ದಾದರೆ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಲೇಸು. ಪರವಾನಗಿಯುಳ್ಳವನು ತನ್ನ ಸೇವೆಗಾಗಿ ಮೂವತ್ತು ಸಾವಿರ ರೂಪಾಯಿಗಳನ್ನೂ ಅದರ ಮೇಲಣ ತೆರಿಗೆಯನ್ನೂ ಮೀರಿ ಕೇಳುವಂತಿಲ್ಲವೆಂದು ನಿಯಮವಿದೆ. ಲಕ್ಷಗಳ ಮಾತೆತ್ತುವವನಿಗೆ ರಸೀದಿ ಕೊಡುವೆಯಾ ಎಂದು ಕೇಳಿನೋಡಿರಿ. ಪಾಸ್‌ಪೋರ್ಟಿನ ಮತ್ತು ಕರಾರಿನ ನಕಲುಗಳು ಮನೆಯಲ್ಲಿರಲಿ. ಹೋದವರಿಂದ ಸುದ್ದಿ ನಿಂತರೆ ದೂರು ಕೊಡಲು ಇವೇ ಆಧಾರ. ಉಡುಪಿಯ ಆ ಹೆಂಗಸಿನಂತೆ, ಹೋದ ದೇಶವೇ ಬೇರೆಯಾದಾಗ, ಯಾವ ದೂತಾವಾಸಕ್ಕೆ ಬರೆಯಬೇಕೆಂಬುದೇ ಮನೆಯವರಿಗೆ ತಿಳಿಯದೆ ದಿನಗಳು ಕಳೆದುಹೋಗುತ್ತವೆ.

ಇದು ಹೋಗುವವರ ಮಾತಾಯಿತು. ಇಲ್ಲಿಗೆ ಬರುವವರ ಮಾತು ಇನ್ನೂ ಕಠಿನವಾದುದು; ಏಕೆಂದರೆ ಅಲ್ಲಿ ಯಜಮಾನರು ನಾವು.

೨೦೨೧ರ ಮೇ ತಿಂಗಳ ಕೊನೆಯ ವಾರದಲ್ಲಿ, ಒಬ್ಬ ತರುಣಿಯನ್ನು ಕೆಲವರು ಕ್ರೂರವಾಗಿ ಹಿಂಸಿಸುತ್ತಿದ್ದ ಚಿತ್ರವೊಂದು ಬಂಗಾಳಾದೇಶದಲ್ಲಿಯೂ ನಮ್ಮ ಅಸ್ಸಾಮಿನ ಕಡೆಯಲ್ಲಿಯೂ ಫೋನಿನಿಂದ ಫೋನಿಗೆ ಹರಿದಾಡಿತು. ಕುಟುಂಬದವರೆಲ್ಲರೂ ಓದುವ ಪತ್ರಿಕೆಯಲ್ಲಿ ಅದರ ವಿವರವನ್ನು ಬರೆಯುವುದು ಉಚಿತವಲ್ಲ. ಅದು ಎಲ್ಲಿ ನಡೆದುದೆಂದು ಯಾರಿಗೂ ತಿಳಿಯದು. ಅಸ್ಸಾಮಿನ ಪೋಲೀಸಿನವರು ಆ ದುಷ್ಟರ ಮುಖಗಳನ್ನು ಪ್ರಕಟಿಸಿ, ಗುರುತು ಹೇಳಿದವರಿಗೆ ಬಹುಮಾನ ಕೊಡುವೆವೆಂದರು. ಢಾಕಾ ಪಟ್ಟಣದ ಪೋಲೀಸಿನವರು ಅವರಲ್ಲಿ ಒಬ್ಬನ ಗುರುತು ಹಿಡಿದರು. ಅವನು ಅಲ್ಲಿಯ ಹಾತಿರ್‌ಝೀಲ್ ಠಾಣೆಯ ಎಲ್ಲೆಯ ಹುಡುಗ, ಟಿಕ್‌ಟಾಕ್ ಎಂಬ ಫೋನಿನ ಆಟದಿಂದ ಹೆಣ್ಣುಮಕ್ಕಳ ಪರಿಚಯ ಮಾಡಿಕೊಳ್ಳುತ್ತಿದ್ದವನು. ಹುಡುಗಿಯ ತಂದೆಯು ಅದೇ ಠಾಣೆಯಲ್ಲಿ ದೂರು ಕೊಟ್ಟನು. ಅಪರಾಧಿಗಳಿದ್ದ ಸ್ಥಳವು ನಮ್ಮ ಬೆಂಗಳೂರಿನ ರಾಮಮೂರ್ತಿನಗರವೆಂದು ಗೊತ್ತಾಗಿ, ಇಲ್ಲಿಯ ಪೋಲೀಸಿನವರು ಅವರನ್ನು ಒಡನೆಯೇ ಹಿಡಿದರು. ಹುಡುಗಿಯು ಅಷ್ಟರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿದ್ದಳು. ಅಲ್ಲಿಂದ ಆಕೆಯನ್ನು ಕರೆತಂದರು. ಅಪರಾಧಿಗಳೂ ಆಕೆಯೂ ಒಂದೇ ದೇಶದವರು. ಕೆಲವೇ ವಾರಗಳಲ್ಲಿ ಆರೋಪಪಟ್ಟಿ ಸಿದ್ಧವಾಯಿತು. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನ ನ್ಯಾಯಾಲಯವು ಏಳು ಮಂದಿಗೆ ಜೀವಾವಧಿ ಶಿಕ್ಷೆಯನ್ನೂ, ಅವರಿಗೆ ನೆರವಾದ ಒಬ್ಬ ಹೆಂಗಸಿಗೆ ಇಪ್ಪತ್ತು ವರ್ಷಗಳ ಶಿಕ್ಷೆಯನ್ನೂ ವಿಧಿಸಿತು.

ಒಂದು ವರ್ಷದೊಳಗೆ ಇಂಥ ಮೊಕದ್ದಮೆ ತೀರ್ಮಾನವಾದುದು ನಮ್ಮ ದೇಶದಲ್ಲಿ ಅಪರೂಪ. ಹೇಗೆ ಸಾಧ್ಯವಾಯಿತೆಂದು ನೋಡಿದರೆ, ಗುವಾಹಟಿ, ಢಾಕಾ, ಬೆಂಗಳೂರು, ಕಲ್ಲಿಕೋಟೆ ಈ ನಾಲ್ಕು ಕಡೆಯವರೂ ತಮ್ಮ ತಮ್ಮ ಎಲ್ಲೆಯ ಮಾತಾಡದೆ ಸಮಾಚಾರವನ್ನು ಹಂಚಿಕೊಂಡರು. ಆದರೆ ಇದನ್ನೇ ಮಾದರಿಯೆಂದು ಹಿಗ್ಗುವಂತಿಲ್ಲ. ಅಪರಾಧಿಗಳು ತಮ್ಮ ದುಷ್ಕೃತ್ಯದ ಚಿತ್ರವನ್ನು ತಾವೇ ತೆಗೆದಿರದಿದ್ದರೆ? ಅದೇ ಜೂನ್ ತಿಂಗಳಲ್ಲಿ ಢಾಕಾದ ಅದೇ ಠಾಣೆಗೆ ಮತ್ತೊಬ್ಬ ಹುಡುಗಿ ಬಂದಳು. ತನ್ನನ್ನೂ ಅದೇ ತಂಡದವರು ಗಡಿ ದಾಟಿಸಿ ಬೆಂಗಳೂರಿಗೆ ತಂದರೆಂದೂ, ಸುಮಾರು ಎರಡೂವರೆ ತಿಂಗಳು ಸೆರೆಯಲ್ಲಿದ್ದು ತಾನಾಗಿ ತಪ್ಪಿಸಿಕೊಂಡು ಬಂದೆನೆಂದೂ ಹೇಳಿದಳು. ಆ ಎರಡೂವರೆ ತಿಂಗಳಲ್ಲಿ ಆಕೆಯನ್ನು ನಮ್ಮ ಊರಿನಲ್ಲಿ ಎಷ್ಟು ಮಂದಿ ನೋಡಿರಬೇಕು! ಬಾಡಿಗೆಯ ಮನೆ ಕೊಟ್ಟವರು, ಹಾಲು ಹಾಕಿದವರು, ಆಟೋ ನಡೆಸಿದವರು.

ಚಿತ್ರವಿಲ್ಲದ, ಸದ್ದಿಲ್ಲದ ಪ್ರಕರಣಗಳೇ ಹೆಚ್ಚು. ೨೦೧೯ರ ತಿದ್ದುಪಡಿಯಿಂದ ಮನುಷ್ಯವ್ಯಾಪಾರದ ತನಿಖೆಯ ಅಧಿಕಾರವು ರಾಷ್ಟ್ರೀಯ ತನಿಖಾ ದಳಕ್ಕೂ ಬಂದಿತು. ಅವರು ೨೦೨೩ರ ನವೆಂಬರ್ ೮ರಂದು ಹತ್ತು ರಾಜ್ಯಗಳಲ್ಲಿ ಒಂದೇ ದಿನ ಶೋಧಮಾಡಿ ೪೪ ಮಂದಿಯನ್ನು ಹಿಡಿದರು. ಗುವಾಹಟಿ, ಚೆನ್ನೈ, ಬೆಂಗಳೂರು, ಜಯಪುರ ಈ ನಾಲ್ಕು ಕಡೆಗಳಲ್ಲಿ ಮೊಕದ್ದಮೆಗಳಾದವು. ಬೆಂಗಳೂರಿನ ಪ್ರಕರಣದಲ್ಲಿ ಹೊರಬಿದ್ದ ಆರೋಪವೆಂದರೆ, ನಗರದ ಹೊರವಲಯದಲ್ಲಿ ಜಾಗವನ್ನು ಗುತ್ತಿಗೆಗೆ ಪಡೆದು, ತಗಡಿನ ಗುಡಿಸಲು ಹಾಕಿ, ಗಡಿಯಾಚೆಯಿಂದ ತಂದ ಸಂಸಾರಗಳನ್ನು ಅದರಲ್ಲಿರಿಸಿ, ಕಸವನ್ನು ವಿಂಗಡಿಸುವ ಕೆಲಸವನ್ನು ಅವರಿಂದ ಅಲ್ಪ ಕೂಲಿಗೆ ಮಾಡಿಸುತ್ತಿದ್ದರೆಂಬುದು. ನಾವು ಬೆಳಗ್ಗೆ ಬಾಗಿಲಲ್ಲಿ ಇಡುವ ಒಣ ಕಸವು ಹೋಗಿ ಸೇರುವ ಜಾಗ ಯಾವುದು, ಅಲ್ಲಿ ಯಾರ ಮಕ್ಕಳು ಅದನ್ನು ಬೇರ್ಪಡಿಸುತ್ತಾರೆ ಎಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಹಾಗೆಯೇ ಮನೆಗೆಲಸದ ಮಾತು. ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಆರ್. ಟಿ. ನಗರವೇ ಆಗಲಿ, ಹೆಬ್ಬಾಳ, ಯಲಹಂಕದ ಕಡೆ ಎದ್ದಿರುವ ಎತ್ತರದ ವಸತಿಗಳೇ ಆಗಲಿ, ದೂರದ ರಾಜ್ಯಗಳ ಆಳುಗಳಿಲ್ಲದೆ ಒಂದು ದಿನ ನಡೆಯಲಾರವು. ಅವರಲ್ಲಿ ಬಹುಮಂದಿ ತಮ್ಮ ಇಷ್ಟದಿಂದ ದುಡಿಯಲು ಬಂದವರು. ಭಾಷೆ ಬೇರೆಯೆಂಬ ಮಾತ್ರಕ್ಕೆ ಅವರನ್ನು ಸಂಶಯದಿಂದ ನೋಡುವುದು ಅನ್ಯಾಯ. ಆದರೆ ‘ಹುಡುಗಿಯನ್ನು ಕಳುಹಿಸುತ್ತೇವೆ, ಸಂಬಳವನ್ನು ನಮ್ಮ ಕೈಗೆ ಕೊಡಿ’ ಎಂದು ದಲ್ಲಾಳಿಯು ಹೇಳಿದಾಗ ಗೃಹಿಣಿಯರು ಎಚ್ಚತ್ತುಕೊಳ್ಳಬೇಕು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಮನೆಗೆಲಸಕ್ಕಿಟ್ಟುಕೊಳ್ಳುವುದು ೨೦೦೬ರಿಂದಲೇ ನಿಷಿದ್ಧ. ಸಂದೇಹ ಬಂದರೆ ಮಕ್ಕಳ ವಿಷಯಕ್ಕೆ ೧೦೯೮, ರೈಲಿನಲ್ಲಾದರೆ ೧೩೯, ಮಿಕ್ಕ ತುರ್ತಿಗೆ ೧೧೨ ಎಂಬ ಸಂಖ್ಯೆಗಳಿಗೆ ಫೋನು ಮಾಡಬಹುದು. ರೈಲ್ವೆ ರಕ್ಷಣಾ ದಳದವರು ೨೦೨೨ರಿಂದ ಈ ಕಾರ್ಯಕ್ಕೆಂದೇ ಪ್ರತ್ಯೇಕ ತಂಡಗಳನ್ನು ಮಾಡಿ ನಿಲ್ದಾಣಗಳಲ್ಲಿಯೂ ಬಂಡಿಗಳಲ್ಲಿಯೂ ಕಣ್ಣಿಟ್ಟಿದ್ದಾರೆ. ೧೯೦೪ರ ಪ್ಯಾರಿಸಿನವರು ನಿಲ್ದಾಣದ ಕಾವಲನ್ನು ಬಯಸಿದ್ದು ಇದಕ್ಕಾಗಿಯೇ.

ಬಿಡಿಸಿದ ಮೇಲೆ ಏನು? ಒಪ್ಪಂದಗಳ ನಿಜವಾದ ಪರೀಕ್ಷೆ ಆಗುವುದು ಇಲ್ಲಿ. ಗಡಿಯಾಚೆಯ ಹುಡುಗಿಯೊಬ್ಬಳು ಸಿಕ್ಕಿದಳೆಂದಿಟ್ಟುಕೊಳ್ಳಿರಿ. ಆಕೆಯಲ್ಲಿ ಪಾಸ್‌ಪೋರ್ಟು ಇಲ್ಲ. ಕಾಯಿದೆಯ ಒಂದು ಕಣ್ಣಿಗೆ ಆಕೆ ಪಾತಕಕ್ಕೆ ಬಲಿಯಾದವಳು. ವಿದೇಶೀಯರ ಕಾಯಿದೆಯ ಕಣ್ಣಿಗೆ ಅಪ್ಪಣೆಯಿಲ್ಲದೆ ದೇಶದೊಳಕ್ಕೆ ಬಂದ ಅಪರಾಧಿ. ಈ ಗೊಂದಲವನ್ನು ಬಗೆಹರಿಸುವುದಕ್ಕಾಗಿ ಕೇಂದ್ರದ ಗೃಹ ಇಲಾಖೆಯವರು ೨೦೧೨ರ ಮೇ ೧ರಂದು ಎಲ್ಲ ರಾಜ್ಯಗಳಿಗೂ ಒಂದು ಸಲಹಾಪತ್ರವನ್ನು ಕಳುಹಿಸಿದರು: ವಿಚಾರಣೆಯಿಂದ ಆಕೆಯನ್ನು ಬಲವಂತವಾಗಿಯೋ ಮೋಸದಿಂದಲೋ ತಂದರೆಂದು ಕಂಡುಬಂದರೆ ಆಕೆಯ ಮೇಲೆ ಆ ಮೊಕದ್ದಮೆ ಹೂಡಕೂಡದು, ಹೂಡಿದ್ದರೆ ಹಿಂತೆಗೆದುಕೊಳ್ಳತಕ್ಕದ್ದು. ಉತ್ತಮವಾದ ಮಾತು. ಆದರೆ ಸಲಹೆಯು ಸಲಹೆಯೇ. ಮೊದಲ ದಿನ ಠಾಣೆಯಲ್ಲಿ ಆಕೆಯ ಭಾಷೆಯನ್ನು ಬಲ್ಲವರೊಬ್ಬರು ಇದ್ದರೇ ಇಲ್ಲವೇ ಎಂಬುದರ ಮೇಲೆ ಆಕೆ ಆಶ್ರಯಗೃಹಕ್ಕೆ ಹೋಗುವಳೋ ಸೆರೆಮನೆಗೋ ಎಂಬುದು ನಿರ್ಧಾರವಾಗುವ ಸಂಭವವಿದೆ.

ಆಶ್ರಯಗೃಹ ಸೇರಿದಳೆನ್ನೋಣ. ಆಕೆ ಹೇಳಿದ ವಿಳಾಸವು ಬೆಂಗಳೂರಿನಿಂದ ದೆಹಲಿಗೂ, ಬಂಗಾಳಾದೇಶದ ದೂತಾವಾಸಕ್ಕೂ, ಅಲ್ಲಿಂದ ಢಾಕಾಕ್ಕೂ, ಅಲ್ಲಿಂದ ಜಿಲ್ಲೆಯ ಪೋಲೀಸಿಗೂ ಹೋಗಬೇಕು. ಅವರು ಮನೆಯನ್ನು ಹುಡುಕಿ, ಈಕೆ ನಮ್ಮವಳೇ ಎಂದು ಬರೆಯಬೇಕು. ಆಮೇಲೆ ಪ್ರಯಾಣದ ಪರವಾನಗಿ. ಆಮೇಲೆ ನ್ಯಾಯಾಲಯದ ಅಪ್ಪಣೆ. ಆಮೇಲೆ ಪೆಟ್ರಾಪೋಲ್ ಬೆನಾಪೋಲ್ ಗಡಿಯಲ್ಲಿ ಕೈಯೊಪ್ಪಿಸುವುದು. ೨೦೧೫ರ ಜೂನಿನಲ್ಲಿ ಭಾರತಕ್ಕೂ ಬಂಗಾಳಾದೇಶಕ್ಕೂ ಈ ಕುರಿತು ಒಪ್ಪಂದವಾಯಿತು. ಎರಡು ಕಡೆಯಲ್ಲಿಯೂ ಇದಕ್ಕೆಂದೇ ಕಾರ್ಯಸಮಿತಿಗಳಿವೆ. ಆದರೂ ಈ ಕೆಲಸಕ್ಕೆ ತಿಂಗಳುಗಳು, ಎಷ್ಟೋ ಸಾರಿ ವರ್ಷಗಳು ಹಿಡಿಯುತ್ತವೆ. ಹದಿನಾರು ವರ್ಷದ ಹುಡುಗಿಗೆ ಎರಡು ವರ್ಷವೆಂದರೆ ಎಷ್ಟೆಂದು ಹೆಣ್ಣುಮಕ್ಕಳ ತಾಯ್ತಂದೆಗಳಿಗೆ ಹೇಳಬೇಕಾಗಿಲ್ಲ. ದಲ್ಲಾಳಿಯು ಆಕೆಯನ್ನು ಅದೇ ಹಾದಿಯಲ್ಲಿ ತರಲು ತೆಗೆದುಕೊಂಡದ್ದು ಕೆಲವು ದಿನಗಳು ಮಾತ್ರ.

ಸರ್ಕಾರಗಳಿಗೆ ಮನಸ್ಸಿಲ್ಲದಿದ್ದರೆ ಸಂಗತಿಯು ಇನ್ನೂ ಕೆಡುತ್ತದೆ. ೧೯೯೬ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಾನೂರಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿದಾಗ, ಅವರಲ್ಲಿ ನೇಪಾಳದವರು ಬಹಳ ಮಂದಿ ಇದ್ದರು. ಅಲ್ಲಿಯ ಸರ್ಕಾರದವರು ಅವರನ್ನು ಬರಮಾಡಿಕೊಳ್ಳಲು ಹಿಂದೆಗೆದರು. ಕೊನೆಗೆ ನೂರಕ್ಕೂ ಮೇಲ್ಪಟ್ಟ ಹುಡುಗಿಯರ ಹೊಣೆಯನ್ನು ಹೊತ್ತು ಮನೆಗೆ ಕರೆದೊಯ್ದವರು ಕಾಠ್ಮಂಡುವಿನ ಮೈತಿ ನೇಪಾಳ ಮೊದಲಾದ ಸೇವಾಸಂಘಗಳವರು. ‘ಮೈತಿ’ ಎಂದರೆ ನೇಪಾಳೀ ಭಾಷೆಯಲ್ಲಿ ತವರುಮನೆ. ಆ ಸಂಘವನ್ನು ಅನುರಾಧಾ ಕೊಯಿರಾಲಾ ಎಂಬ ಉಪಾಧ್ಯಾಯಿನಿಯು ೧೯೯೩ರಲ್ಲಿ ಕಟ್ಟಿದಳು. ಬಿಡಿಸಿಕೊಂಡು ಬಂದ ಹುಡುಗಿಯರನ್ನೇ ಗಡಿಯ ಕಾವಲಿಗೆ ನಿಲ್ಲಿಸಿದ್ದು ಆ ಸಂಘದ ವಿಶೇಷ; ದಾಟುವ ಹುಡುಗಿಯರಲ್ಲಿ ಯಾರು ಮೋಸಹೋಗಿರುವರೆಂಬುದನ್ನು ಅವರು ಯಾವ ಪೋಲೀಸಿನವರಿಗಿಂತಲೂ ಬೇಗ ಕಂಡುಹಿಡಿಯುತ್ತಾರೆ.

ಕೊನೆಗೆ ಸಾಕ್ಷ್ಯದ ತೊಡಕು. ಹುಡುಗಿಯು ತನ್ನ ಊರಿಗೆ ಹೋದ ಬಳಿಕ ಇಲ್ಲಿಯ ಮೊಕದ್ದಮೆ ವಿಚಾರಣೆಗೆ ಬರುತ್ತದೆ. ಸಾಕ್ಷಿ ಹೇಳುವವಳಿಲ್ಲದಿದ್ದರೆ ಅಪರಾಧಿಗಳಿಗೆ ಬಿಡುಗಡೆ. ಸಾಕ್ಷಿ ಹೇಳುವತನಕ ಇರಿಸಿಕೊಂಡರೆ ಆಕೆಗೆ ಸೆರೆ. ಮಕ್ಕಳ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಒಂದು ಏರ್ಪಾಟು ಮಾಡಿತು: ಬೇರೆ ಜಿಲ್ಲೆಗೋ ರಾಜ್ಯಕ್ಕೋ ಸಾಗಿಸಲ್ಪಟ್ಟ ಮಗುವು ತನ್ನ ಊರಿನ ಹತ್ತಿರದ ನ್ಯಾಯಾಲಯದಲ್ಲಿಯೇ ಕುಳಿತು, ದೂರದೃಶ್ಯದ ಯಂತ್ರದ ಮೂಲಕ ಸಾಕ್ಷ್ಯ ಹೇಳಬಹುದು. ಗಡಿಯಾಚೆಯವರಿಗೆ ಇದೇ ಅನುಕೂಲ ದೊರೆಯಬೇಕಾದರೆ ಎರಡು ಸರ್ಕಾರಗಳೂ ಒಪ್ಪಬೇಕು. ಭಾರತಕ್ಕೂ ಬಂಗಾಳಾದೇಶಕ್ಕೂ ಅಪರಾಧ ವಿಚಾರಣೆಗಳಲ್ಲಿ ಪರಸ್ಪರ ನೆರವಾಗುವ ಒಪ್ಪಂದವು ೨೦೧೦ರಲ್ಲಿಯೂ, ಅಪರಾಧಿಗಳನ್ನು ಒಪ್ಪಿಸುವ ಒಪ್ಪಂದವು ೨೦೧೩ರಲ್ಲಿಯೂ ಆಗಿವೆ. ಬೆಂಗಳೂರಿನ ನ್ಯಾಯಾಧೀಶರು ಜೆಸ್ಸೂರಿನ ಒಬ್ಬ ಹುಡುಗಿಯ ಮಾತನ್ನು ಕೇಳಬೇಕಾದರೆ ಆಕೆ ಮತ್ತೆ ಆ ಗಡಿಯನ್ನು ದಾಟಬೇಕಾದ ಅವಶ್ಯವಿಲ್ಲ. ಇಲ್ಲಿಂದ ಒಂದು ಪತ್ರ ಹೋಗಬೇಕು, ಅಲ್ಲಿಂದ ಅದಕ್ಕೆ ಉತ್ತರ ಬರಬೇಕು, ಮತ್ತು ಗೊತ್ತಾದ ದಿನ ಎರಡು ಕಡೆಯಲ್ಲಿಯೂ ಯಂತ್ರದ ಮುಂದೆ ದುಭಾಷಿಯೊಬ್ಬನು ಕುಳಿತಿರಬೇಕು.